ಗೊತ್ತಿಲ್ಲದ ಗುಪ್ಪೆ

ಕುಂಬಾರ ನಂಜಶೆಟ್ಟಿಯ ಮಗ ಮಿಡ್ಲ್ ಸ್ಕೂಲು ದಾಟಿ ಮುಂದಕ್ಕೆ ಓದುವುದು ಆಗುವ ಮಾತಲ್ಲ ಎಂದವರು ಇಬ್ಬರು. ಒಬ್ಬರು ನಮ್ಮ ಹೆಡ್‌ಮಾಸ್ತರರಾದ ಸುಬ್ಬರಾಯರು, ಇನ್ನೊಬ್ಬರು ಸ್ಕೂಲು ಕಮಿಟಿಯ ವೆಂಕಾವಧಾನಿಗಳು. ಈ ಇಬ್ಬರಿಗೆ ಬೇರೆ ಯಾವ ವಿಷಯದಲ್ಲೂ ಒಮ್ಮತವಿರಲಿಲ್ಲ. ಜಗತ್ತನ್ನು ಯಾರೂ ಮಾಡಲಿಲ್ಲ, ಅದು ತಾನಾಗಿಯೇ ಆಯಿತು, ಸೈನ್ಸಿನಲ್ಲಿ ಇದು ತೀರ್ಮಾನವಾಗಿ ಹೋಗಿದೆ, ಇನ್ನು ಕೇಳುವುದಕ್ಕೇನೂ ಉಳಿದಿಲ್ಲ ಎಂದು ಸುಬ್ಬರಾಯರು ಹೇಳುತ್ತಿದ್ದರು. ಸೂರ್ಯ ಚಂದ್ರರಿಂದ ಹಿಡಿದು ಹುಣಸೆ ಬೀಜದ ತನಕ ಎಲ್ಲಕ್ಕೂ ಒಬ್ಬ ಕರ್ತೃ ಉಂಟು, ಮಾಡುವಾಗ ಅವನ ಮನಸ್ಸಿನಲ್ಲಿ ಏನಿತ್ತು ಎಂಬುದೂ ಶಾಸ್ತ್ರದಲ್ಲಿದೆ, ಅದೂ ತೀರ್ಮಾನವಾಗಿ ಹೋಗಿದೆ ಎಂದು ಅವಧಾನಿಗಳು ಹೇಳುತ್ತಿದ್ದರು. ಇಡೀ ಬ್ರಹ್ಮಾಂಡದ ಬಗ್ಗೆ ಜಗಳವಾಡುತ್ತಿದ್ದ ಇಬ್ಬರೂ ನನ್ನೊಬ್ಬನ ಬಗ್ಗೆ ಮಾತ್ರ ಒಂದೇ ಮಾತು ಆಡಿದರು. ಮುಂದೆ ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಪಾಸು ಮಾಡಿದೆ. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಬಿಟ್ಟು ರುಜು ಹಾಕಿದವನೇ ನಾನು ಮೊದಲನೆಯವನು, ಪದವಿಯ ಮಾತು ದೂರ ಇರಲಿ. ಇದನ್ನು ಜಂಬದಿಂದಲೇ ಬರೆಯುತ್ತಿದ್ದೇನೆ, ಮುಚ್ಚಿಟ್ಟುಕೊಳ್ಳುವುದಿಲ್ಲ. ಆದರೆ ಆ ದಾರಿಯ ಮೊದಲನೆಯ ಕಾಗದ ನನ್ನ ಕೈಗೆ ಬಂದ ಬಗೆಯನ್ನು ನೆನೆದರೆ ಈ ವಯಸ್ಸಿನಲ್ಲೂ ಬಾಯಲ್ಲಿ ಕಹಿ ಬರುತ್ತದೆ. ಆ ಕಹಿಯಲ್ಲಿ ಎಷ್ಟು ಪಾಲು ಅವರಿಬ್ಬರದು, ಎಷ್ಟು ನನ್ನದು ಎಂಬುದನ್ನು ಇಲ್ಲಿ ಬರೆಯಬೇಕು.

ನಮ್ಮೂರು ಮೈಸೂರು ಸೀಮೆಯ ಮಿರ್ಲೆಗೂ ಹೊಳೆಗೂ ನಡುವೆ ಇದ್ದ ಮೂವತ್ತು ನಲವತ್ತು ಮನೆಯ ಹಳ್ಳಿ. ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಮಡಕೆಗಳಿಗೆ ಜಾಗ ಹೆಚ್ಚು. ಬಾಗಿಲು ದಾಟಿದರೆ ನಡುಮನೆ, ನಡುಮನೆಯ ಒಂದು ಮೂಲೆಯಲ್ಲಿ ಅಪ್ಪನ ತಿಗರಿ, ಮಡಕೆ ಎಬ್ಬಿಸುವ ಚಕ್ರ. ಅದು ಬಂಡಿಯ ಗಾಲಿಯಷ್ಟು ದೊಡ್ಡದು, ಒಂದು ಕೋಲಿನಿಂದ ತಿರುಗಿಸಿಬಿಟ್ಟರೆ ನಾವು ಮಕ್ಕಳು ಇಪ್ಪತ್ತು ಎಣಿಸುವ ತನಕ ತಿರುಗುತ್ತಿತ್ತು. ಜಗಲಿಯಲ್ಲಿ ಹಸಿ ಮಡಕೆ, ಹಿತ್ತಲಿನ ಚಪ್ಪರದಡಿ ಅರೆ ಒಣಗಿದ ಮಡಕೆ, ಮಳೆ ಬಂತೆಂದರೆ ಅಷ್ಟೂ ಒಳಕ್ಕೆ. ಆಷಾಢದಲ್ಲಿ ನಾವು ಮಲಗುವ ಜಾಗ ಕುಗ್ಗಿ ಕುಗ್ಗಿ ಕೊನೆಗೆ ಕಾಲು ಮಡಿಸಿಕೊಂಡು ಮಲಗುವಷ್ಟಾಗುತ್ತಿತ್ತು. ನಿದ್ದೆಯಲ್ಲಿ ಮಗ್ಗುಲು ಬದಲಿಸಿ ಹರವಿ ಒಂದನ್ನು ಒದ್ದು ಮುರಿದ ನನ್ನ ತಮ್ಮ ತಿಂದ ಏಟು ನನಗೆ ಇನ್ನೂ ನೆನಪಿದೆ. ಅಡುಗೆಮನೆಯಲ್ಲಿ ಇದ್ದದ್ದೆಲ್ಲ ಊನವಾದ ಪಾತ್ರೆ. ಬಾಯಿ ಕೊಂಕಾದ ಮಡಕೆಯಲ್ಲಿ ಬಸ್ಸಾರು, ಹೊಟ್ಟೆ ಒಂದು ಕಡೆ ಜೋತುಬಿದ್ದ ಗಡಿಗೆಯಲ್ಲಿ ಮಜ್ಜಿಗೆ, ಸೀಳು ಬಿಟ್ಟು ರಾಗಿ ಹಿಟ್ಟಿನ ಅಂಟು ಹಚ್ಚಿದ ಬಾನಿಯಲ್ಲಿ ಕುಡಿಯುವ ನೀರು. ಚೆನ್ನಾಗಿದ್ದದ್ದೆಲ್ಲ ಸಂತೆಗೆ. ನಾನೂ ತಮ್ಮನೂ ಮುದ್ದೆ ತಿನ್ನುತ್ತಿದ್ದ ಒಂದೇ ಮಣ್ಣಿನ ತಟ್ಟೆ ಒಂದು ಕಡೆಗೆ ವಾಲಿ ಸಾರೆಲ್ಲ ತಮ್ಮನ ಕಡೆಗೆ ಹರಿಯುತ್ತಿತ್ತು. ಅವನು ಅದನ್ನು ನನ್ನ ಒಳ್ಳೆಯತನ ಎಂದುಕೊಂಡಿದ್ದ.

ಮಡಕೆ ಎಂದರೆ ಒಬ್ಬ ಕುಂಬಾರ ತಿಗರಿಯ ಮುಂದೆ ಕೂತು ಮಾಡುವುದು ಎಂದು ಓದಿದವರು ತಿಳಿದಿರುತ್ತಾರೆ. ಅವರು ಕುಂಬಾರನ ಮನೆಯೊಳಕ್ಕೆ ಬಂದವರಲ್ಲ. ಕೆರೆಯಂಗಳದ ಮಣ್ಣನ್ನು ಅಪ್ಪ ಅಗೆದು ತರುತ್ತಿದ್ದ. ಅದನ್ನು ನೆನೆಸಿ, ಕಲ್ಲು ಬೇರು ಆರಿಸಿ, ಮರಳು ಬೆರೆಸಿ, ಕಾಲಿನಿಂದ ತುಳಿದು ಹದ ಮಾಡುವುದು ಅವ್ವನ ಕೆಲಸ. ಅಪ್ಪ ತಿಗರಿಯ ಮೇಲೆ ಎಬ್ಬಿಸುತ್ತಿದ್ದದ್ದು ಬಾಯಿ, ಕತ್ತು, ಭುಜ ಇಷ್ಟೇ. ತಿಗರಿಯಿಂದ ಇಳಿದ ಮಡಕೆಗೆ ತಳವೇ ಇರುವುದಿಲ್ಲ, ಕೆಳಗೆ ಬಟಾಬಯಲು. ಅದು ನೆರಳಲ್ಲಿ ಅರ್ಧ ದಿನ ಆರಿದ ಮೇಲೆ ನಮ್ಮ ಕೆಂಪತ್ತೆ ಅದನ್ನು ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಅವಳು ಅಪ್ಪನ ಅಕ್ಕ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಎಡಗೈಯಲ್ಲಿ ಹೊಳೆಯ ಗುಂಡುಕಲ್ಲು ಹಿಡಿದು ಮಡಕೆಯ ಒಳಗೆ ಇಟ್ಟು, ಬಲಗೈಯಲ್ಲಿ ಮರದ ಹಲಗೆಯಿಂದ ಹೊರಗಡೆ ತಟ್ಟುತ್ತ ತಟ್ಟುತ್ತ, ದಪ್ಪ ಅಂಚನ್ನು ತೆಳ್ಳಗೆ ಎಳೆದು, ತಿರುಗಿಸಿ ತಿರುಗಿಸಿ ಕೊನೆಗೆ ತಳ ಮುಚ್ಚುತ್ತಿದ್ದಳು. ನಮ್ಮ ಮನೆಯ ಹಗಲಿಗೆ ಆ ದಬ್ ದಬ್ ಸದ್ದೇ ಗಡಿಯಾರ. ತಿಗರಿಯನ್ನು ಹೆಂಗಸರು ಮುಟ್ಟುವಂತಿರಲಿಲ್ಲ. ತಳ ಮುಚ್ಚುವುದು ಗಂಡಸರಿಗೆ ಬರುತ್ತಿರಲಿಲ್ಲ. ಒಂದು ಸಲ ಅತ್ತೆಗೆ ಜ್ವರ ಬಂದಾಗ ಅಪ್ಪ ತಟ್ಟಲು ಹೋಗಿ, ಅದು ಹಲಸಿನ ಹಣ್ಣಿನ ಹಾಗೆ ಆಗಿ, ಅವ್ವ ಅದನ್ನು ಕೋಳಿಗೆ ನೀರಿಡಲು ಮಡಗಿಕೊಂಡಳು.

ನಮ್ಮ ಮನೆಯ ದೊಡ್ಡ ಜಗಳ ಮಡಕೆ ಸುಡುವ ಆವಿಗೆ ಬಿಚ್ಚುವ ದಿನ. ಬೂದಿ ಆರಿದ ಮೇಲೆ ಬೆಳಗ್ಗೆ ಮಡಕೆಗಳನ್ನು ಒಂದೊಂದಾಗಿ ತೆಗೆದು, ಒಡೆದವನ್ನೆಲ್ಲ ಹಿತ್ತಲಿನಲ್ಲಿ ಗುಪ್ಪೆ ಗುಪ್ಪೆಯಾಗಿ ಬೇರೆ ಮಾಡಬೇಕು. ಇದು ಅಜ್ಜನ ಕಾಲದಿಂದ ಬಂದ ಪದ್ಧತಿ. ಕತ್ತು ಸೀಳಿದ್ದರೆ ಅಪ್ಪನ ಗುಪ್ಪೆ. ತಳ ಬಿಟ್ಟಿದ್ದರೆ ಅತ್ತೆಯ ಗುಪ್ಪೆ. ಕಲ್ಲು ಸಿಡಿದು ತೂತಾಗಿದ್ದರೆ ಅವ್ವನದು. ಯಾವ ಗುಪ್ಪೆ ದೊಡ್ಡದೋ ಅವರು ಆ ದಿನ ತಲೆ ತಗ್ಗಿಸಿ ಉಣ್ಣಬೇಕು.

"ಕತ್ತು ನಿಂದು ಕಣಪ್ಪ, ನೋಡ್ಕೊ. ಆರು ಕತ್ತು ಕುಯ್ದಿದ್ದೀಯೆ. ಕುರಿ ಕುಯ್ಯೋರ ಮನೇಲಿ ಉಟ್ಬೇಕಾಗಿತ್ತು ನೀನು."

"ನಿನ್ ತಳ ನೋಡಕ್ಕೋ ಮೊದ್ಲು. ಮಜ್ಜಿಗೆ ಉಯ್ದ್ರೆ ಮೊಸ್ರು ಮ್ಯಾಲೆ, ನೀರು ಕೆಳಕ್ಕೆ. ಸೋಸೋ ಬಟ್ಟೇನೇ ಬ್ಯಾಡ."

ಇಷ್ಟು ಜಗಳವಾಡಿದರೂ ತನ್ನ ತಪ್ಪನ್ನು ಇನ್ನೊಬ್ಬರ ಗುಪ್ಪೆಗೆ ಯಾರೂ ಸರಿಸುತ್ತಿರಲಿಲ್ಲ. ಸರಿಸಿದರೆ ಮುಂದಿನ ಆವಿಗೆ ಕೆಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಇವಲ್ಲದೆ ಇನ್ನೊಂದು ಗುಪ್ಪೆ ಇತ್ತು. ಕತ್ತು ಸರಿ, ತಳ ಸರಿ, ಮಣ್ಣು ಸರಿ, ಆದರೂ ಒಡೆದಿರುತ್ತಿದ್ದ ಮಡಕೆಗಳದು. ಅದನ್ನು ನಾವು ಗೊತ್ತಿಲ್ಲದ ಗುಪ್ಪೆ ಎನ್ನುತ್ತಿದ್ದೆವು. ಆ ಗುಪ್ಪೆಯ ಬಗ್ಗೆ ಯಾರಿಗೂ ನಾಚಿಕೆ ಇರಲಿಲ್ಲ. ಅದು ಬೆಳೆಯುತ್ತ ಹೋದರೆ ಅಪ್ಪ ಅದರ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಒಂದೊಂದೇ ಒಡಕು ಬೋಕಿ ಎತ್ತಿ ಮೂಸಿ, ಉಗುರಿನಿಂದ ಕೆರೆದು ನೋಡುತ್ತಿದ್ದ. ಮುಂದಿನ ಸಲ ಮರಳು ಬದಲಿಸುತ್ತಿದ್ದ. ಅದರ ಮುಂದಿನ ಸಲ ಮರಳು ಹಾಗೇ ಬಿಟ್ಟು ಸೌದೆ ಬದಲಿಸುತ್ತಿದ್ದ. ಎರಡನ್ನೂ ಒಟ್ಟಿಗೆ ಬದಲಿಸುತ್ತಿರಲಿಲ್ಲ. ಗುಪ್ಪೆ ಕಡಿಮೆಯಾದರೆ "ಮರಳು ಇರ್ಬೌದು" ಎನ್ನುತ್ತಿದ್ದನೇ ಹೊರತು "ಮರಳೇ" ಎಂದು ಒಂದು ದಿನವೂ ಅನ್ನಲಿಲ್ಲ. ಆವಿಗೆಗೆ ಕುಂಕುಮ ಹಚ್ಚಿ ಕಾಯಿಯನ್ನೂ ಒಡೆಯುತ್ತಿದ್ದ. ಕಾಯಿ ಒಡೆದರೆ ಮಡಕೆ ಒಡೆಯೋದಿಲ್ಲವೇ ಎಂದು ನಾನು ಒಮ್ಮೆ ಕೇಳಿದ್ದೆ.

"ಒಡೀತವೆ ಕಣ್ಲಾ. ಅಂದ್ರೂ ನಾವು ಬೆಂಕಿ ಮುಂದೆ ಕುಂತಿರ್ತೀವಲ್ಲ, ಒಸಿ ದೈರ್ಯ ಬ್ಯಾಡ್ವಾ?"

ಮೈಸೂರಿನ ಕಾಲೇಜಿನ ಪ್ರಯೋಗಶಾಲೆಯಲ್ಲಿ ನಾಲ್ಕು ವರ್ಷ ಕಳೆದ ಮೇಲೆ ಹೇಳುತ್ತಿದ್ದೇನೆ. ಸೈನ್ಸು ಎಂದರೆ ಏನು ಎಂಬುದನ್ನು ನಾನು ಕಲಿತದ್ದು ಆ ಹಿತ್ತಲಿನಲ್ಲಿ. ಕೋಟು ಹಾಕಿಕೊಂಡ ಎಷ್ಟೋ ಲೆಕ್ಚರರುಗಳಿಗೆ ಆ ಕೊನೆಯ ಗುಪ್ಪೆಯೇ ಇರಲಿಲ್ಲ. ಅವರ ಆವಿಗೆಯಲ್ಲಿ ಕಾರಣ ತಿಳಿಯದ ಒಡಕು ಎಂಬುದೇ ಇಲ್ಲ.

ಸ್ಕೂಲು ಇದ್ದದ್ದು ನಮ್ಮೂರಿನಿಂದ ಎರಡು ಮೈಲಿ ಆಚೆ. ಆ ಊರಿನ ಹೆಸರು ಬೇಡ. ಸುಬ್ಬರಾಯರು ಅಲ್ಲಿಗೆ ವರ್ಗವಾಗಿ ಬಂದಾಗ ಒಂದು ಪೆಟ್ಟಿಗೆ ಇಂಗ್ಲಿಷ್ ಪುಸ್ತಕವನ್ನೂ ಒಂದು ಭೂಗೋಳದ ಗುಂಡನ್ನೂ ತಂದರು. ಗಾಜಿನ ನಳಿಗೆಗಳಿದ್ದ ಒಂದು ಬೀರು ಸ್ಕೂಲಿನಲ್ಲಿ ಮೊದಲೇ ಇತ್ತು. ಅದರ ಬೀಗ ತೆಗೆದದ್ದನ್ನು ನಾನು ನೋಡಲಿಲ್ಲ. ಸೈನ್ಸಿನ ಪಾಠ ಎಂದರೆ ಅವರು ಓಡಾಡುತ್ತ ಉಕ್ತಲೇಖನ ಹೇಳುವುದು, ನಾವು ಬರೆದುಕೊಳ್ಳುವುದು. ಪ್ರಶ್ನೆಯೂ ಅವರದೇ, ಉತ್ತರವೂ ಅವರದೇ. ಜಗತ್ತು ಹೇಗೆ ಉಂಟಾಯಿತು? ತಾನಾಗಿಯೇ ಉಂಟಾಯಿತು. ಅದಕ್ಕೆ ಉದ್ದೇಶವೇನಾದರೂ ಉಂಟೇ? ಇಲ್ಲ. ಒಂದು ದಿನ ನಾನು ಎದ್ದು ನಿಂತು, ಇದು ಹೇಗೆ ಗೊತ್ತಾಯಿತು ಸಾರ್, ಎಂದು ಕೇಳಿದೆ. ಕೊಂಕು ತೆಗೆಯಲು ಕೇಳಿದ್ದಲ್ಲ. ನಮ್ಮ ಮನೆಯಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಪ್ರಶ್ನೆ ಅದು. ಅವರು ಬೆತ್ತ ತೆಗೆದರು. "ನಿನ್ನಂಥವನು ಕೇಳುತ್ತಾನೆ ಅಂತ ದೊಡ್ಡ ದೊಡ್ಡ ವಿದ್ವಾಂಸರು ಮತ್ತೆ ಮೊದಲಿಂದ ಶುರು ಮಾಡಬೇಕೇನೋ? ಪುಸ್ತಕದಲ್ಲಿದೆ, ಬರಕೋ." ಅದೇ ತಿಂಗಳ ಏಕಾದಶಿಗೆ ಅವಧಾನಿಗಳ ಪ್ರವಚನವಿತ್ತು. ನಮ್ಮಂಥವರಿಗೆ ಅಂಗಳದಲ್ಲಿ ಜಾಗ. ಅಲ್ಲಿಯೂ ಇಂಥದೇ ಪ್ರಶ್ನೆ ಕೇಳಿದೆ. ಬೆತ್ತ ಬೀಳಲಿಲ್ಲ, ಅಂಗಳದಿಂದ ಆಚೆಗೆ ಕಳಿಸಿದರು. "ಶಾಸ್ತ್ರದಲ್ಲಿದೆ" ಎಂದರು. ಎರಡು ಕಡೆಯೂ ಅದೇ ಗತ್ತು, ಅದೇ ಮೂಗಿನ ಮೇಲಿನ ಕೋಪ. ಸೃಷ್ಟಿ ಎಷ್ಟು ಹಳೆಯದು, ಜೀವಗಳು ಹೇಗೆ ಬದಲಾಗುತ್ತ ಬಂದವು ಎಂಬುದನ್ನು ಆಮೇಲೆ ನಾನು ಕ್ರಮವಾಗಿ ಓದಿದೆ, ಒಪ್ಪಿಯೂ ಇದ್ದೇನೆ. ನನ್ನ ತಕರಾರು ಆ ವಿದ್ಯೆಯ ಮೇಲಲ್ಲ. ತಾನು ಒಂದು ದಿನವೂ ಕೈಯಾರೆ ನೋಡದ್ದನ್ನು ಬೆತ್ತದಿಂದ ಸಾಬೀತು ಮಾಡುವವನ ಮೇಲೆ. ಅವನ ಬಾಯಲ್ಲಿ ದೇವರಿದ್ದರೂ ಅಷ್ಟೇ, ದೇವರಿಲ್ಲದಿದ್ದರೂ ಅಷ್ಟೇ, ನನಗೆ ಹೇಸಿಗೆ ಒಂದೇ.

ನಾನು ಕೊನೆಯ ತರಗತಿಯಲ್ಲಿದ್ದಾಗ ಇನ್ಸ್‌ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದರು. ದಪ್ಪನೆಯ, ನಗುಮುಖದ ಮನುಷ್ಯ. ಮಧ್ಯಾಹ್ನ ಅವರ ಮುಂದೆ ಒಂದು ಚರ್ಚೆ ಏರ್ಪಾಡಾಗಿತ್ತು. ಜಗತ್ತಿಗೆ ಕರ್ತೃ ಉಂಟೇ ಇಲ್ಲವೇ ಎಂಬುದು ವಿಷಯ. ಇಲ್ಲ ಎಂದು ಸುಬ್ಬರಾಯರು, ಉಂಟು ಎಂದು ಅವಧಾನಿಗಳು. ಸ್ಕೂಲಿನ ಪಡಸಾಲೆ ತುಂಬ ಜನ. ಅವಧಾನಿಗಳು ಎದ್ದು, ಮಡಕೆಯನ್ನು ಕಂಡರೆ ಅದನ್ನು ಮಾಡಿದ ಕುಂಬಾರನೊಬ್ಬ ಇದ್ದಾನೆಂದು ಹೇಳುತ್ತೇವೆ, ಹಾಗೆಯೇ ಜಗತ್ತನ್ನು ಕಂಡರೆ ಜಗದೀಶ್ವರ ಎಂದು ಶುರು ಮಾಡಿದರು. ಸುಬ್ಬರಾಯರು, ಮಣ್ಣು ನೀರು ಬೆಂಕಿ ಇವುಗಳ ಗುಣ ತಿಳಿದರೆ ಸಾಕು, ಕುಂಬಾರ ಗಿಂಬಾರ ಎಲ್ಲ ದಡ್ಡರ ಕಲ್ಪನೆ ಎಂದರು. ಒಂದು ಗಂಟೆ ಕಾಲ ಕುಂಬಾರ ಅತ್ತಿಂದಿತ್ತ ಇತ್ತಿಂದತ್ತ ಎಳೆದಾಡಿಸಿಕೊಂಡ. ಕೊನೆಗೆ ಸಾಹೇಬರು ಆಕಳಿಸಿ ಕೇಳಿದರು.

"ಅಲ್ಲ ಸ್ವಾಮಿ, ಆಗಿನಿಂದ ಇಬ್ಬರೂ ಕುಂಬಾರ ಕುಂಬಾರ ಅಂತಿದ್ದೀರಿ. ಇಲ್ಲೆಲ್ಲೂ ನಿಜವಾದ ಕುಂಬಾರ ಇಲ್ಲವೇ? ಒಂದು ಮಾತು ಕೇಳಿಬಿಡೋಣ."

ನಾನು ತಟ್ಟನೆ ಎದ್ದು "ನಮ್ಮಪ್ಪ ಕುಂಬಾರ, ಸಾರ್" ಎಂದೆ. ಆ ಪಡಸಾಲೆಯಲ್ಲಿ ನಮ್ಮ ಕಸುಬಿನ ಹೆಸರನ್ನು ಎದೆಯುಬ್ಬಿಸಿ ಹೇಳಿದ್ದು ಅದೇ ಮೊದಲು. ಎರಡು ಮೈಲಿ ಓಡಿದೆ. ಅಪ್ಪ ಬರಲೊಲ್ಲ. ದೊಡ್ಡವರ ನಡುವೆ ನಮಗೇನು ಕೆಲಸ ಎಂದ. ಅತ್ತೆ ಹಲಗೆ ಕೆಳಗಿಟ್ಟು ಎದ್ದಳು. "ನಡಿ, ನಾನೂ ಬತ್ತೀನಿ. ಇವುನ್ನ ಒಬ್ನೇ ಕಳ್ಸುದ್ರೆ ಎಲ್ಲಾದ್ಕೂ ಊಂ ಅಂದ್ಬುಟ್ಟು ಬತ್ತಾನೆ." ಬೆಂದ ಮಡಕೆಯೊಂದನ್ನು ಕಂಕುಳಿಗೆ ಇಟ್ಟುಕೊಂಡಳು. ಗುಂಡುಕಲ್ಲು ಅವಳ ಸೊಂಟದ ಮಡಿಕೆಯಲ್ಲೇ ಇತ್ತು. ಸ್ಕೂಲಿನ ಮೆಟ್ಟಿಲ ಕೆಳಗೆ ಇಬ್ಬರೂ ನಿಂತರು.

"ನಂಜ, ಈ ಮಡಕೆಯನ್ನು ಮಾಡಿದವನು ಯಾರೋ?" ಅವಧಾನಿಗಳು ಕೇಳಿದರು, ಉತ್ತರ ತಮ್ಮ ಜೇಬಿನಲ್ಲಿದೆ ಎಂಬ ಹಾಗೆ.

"ನಾನೊಬ್ನೇ ಅಲ್ಲ, ಬುದ್ಧಿ."

"ಒಬ್ಬನೇ ಅಲ್ಲವೇ?"

"ಬಾಯಿ ಕತ್ತು ನಂದು. ತಳ ನಮ್ಮಕ್ಕಂದು. ಮಣ್ಣು ಅದ ಮಾಡ್ದೋಳು ಮನೆಯೋಳು. ಮಿಕ್ಕಿದ್ದು ಆವ್ಗೇದು."

ಹಿಂದಿನಿಂದ ಯಾರೋ, ಹಾಗಾದ್ರೆ ದೇವ್ರಿಗೂ ಅಕ್ಕ ಅವ್ಳೆ ಬುಡಿ, ಎಂದರು. ಜನ ಗೊಳ್ಳೆಂದು ನಕ್ಕರು. ಅವಧಾನಿಗಳ ಕಿವಿ ಕೆಂಪಾಯಿತು.

"ಅದಿರಲಿ. ಹೀಗೇ ಆಗಬೇಕು ಅಂತ ಮೊದಲೇ ನಿನ್ನ ಮನಸ್ಸಿನಲ್ಲಿತ್ತು ತಾನೆ?"

"ಇರ್ತದೆ ಬುದ್ಧಿ. ಅಂಗೇ ಆಗಾಕಿಲ್ಲ. ಈಗ ಇದ್ರ ಒಟ್ಟೆ ಮ್ಯಾಲೆ ಕರಿ ಮಚ್ಚೆ ಐತಲ್ಲ, ಇದು ನಂಗೆ ಬ್ಯಾಡಾಗಿತ್ತು."

ಸುಬ್ಬರಾಯರು ಕುರ್ಚಿಯಿಂದ ಎದ್ದೇಬಿಟ್ಟರು.

"ಕೇಳಿದಿರಾ? ಮಚ್ಚೆಯನ್ನು ಯಾರೂ ಮಾಡಲಿಲ್ಲ! ಬರೀ ಬೆಂಕಿಯ ಗುಣ. ಏನಯ್ಯ, ನೀನಿಲ್ಲದಿದ್ದರೂ ಅದು ಆಗುತ್ತಿತ್ತು ಅಲ್ಲವೇ?"

"ಮಚ್ಚೆ ಆಯ್ತಿತ್ತು ಸ್ವಾಮಿ," ಅಪ್ಪ ಮೆಲ್ಲಗೆ ಹೇಳಿದ. "ಮಡಕೆ ಆಯ್ತಿರ್ನಿಲ್ಲ."

ಸಾಹೇಬರು ತೊಡೆ ತಟ್ಟಿಕೊಂಡು ನಕ್ಕರು. ಸುಬ್ಬರಾಯರು ಬಿಡಲಿಲ್ಲ. ಅತ್ತೆಯ ಸೊಂಟದಲ್ಲಿ ಉಬ್ಬಿದ್ದ ಕಲ್ಲನ್ನು ತೋರಿಸಿ, ತೆಗೆಸಿ, ಎತ್ತಿ ಹಿಡಿದು, ಇದನ್ನು ಇಷ್ಟು ನುಣ್ಣಗೆ ಮಾಡಿದವರು ಯಾರು ಎಂದು ಕೇಳಿದರು.

"ಒಳೇಲಿ ಸಿಕ್ತು. ಯಾರು ಮಾಡುದ್ರೋ ನಂಗೊತ್ತಿಲ್ಲ."

"ಯಾರೂ ಇಲ್ಲ! ನೀರು ಉಜ್ಜಿ ಉಜ್ಜಿ ಹೀಗಾಯಿತು! ಈಕೆಯೇ ಒಪ್ಪಿದಳು!"

"ಆ ನೀರನ್ನು ಹರಿಸಿದವನು ಯಾರ್ರೀ? ಯಾರು ಮಾಡಿದರೋ ಎಂದಳು. ಮಾಡಿದವನೊಬ್ಬ ಇದ್ದಾನೆಂದೇ ಅರ್ಥ!"

ಇಬ್ಬರೂ ಅವಳ ತಲೆಯ ಮೇಲೆ ಕೂಗಾಡತೊಡಗಿದರು. ಅತ್ತೆ ಕೈ ಚಾಚಿದಳು.

"ಕಲ್ಲು ಇತ್ಲಾಗ್ ಕೊಡ್ರಪ್ಪ, ನಂಗೆ ಕೆಲ್ಸ ಐತೆ. ನಾನು ಗೊತ್ತಿಲ್ಲ ಅಂದೆ. ಇಲ್ಲ ಅಂತಾನೂ ಅನ್ನಿಲ್ಲ, ಅವ್ನೇ ಅಂತಾನೂ ಅನ್ನಿಲ್ಲ. ನನ್ ಬಾಯ್ಗೆ ನಿಮ್ ಮಾತ ತುರುಕ್ಬ್ಯಾಡಿ."

ಸಾಹೇಬರು ತಮ್ಮ ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತ, ಇವತ್ತು ಈ ಸ್ಕೂಲಿನಲ್ಲಿ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟವರು ಇವರಿಬ್ಬರೇ ಎಂದರು. ತಮಾಷೆಗೆ ಹೇಳಿದ ಮಾತು. ಅವರು ಸಂಜೆ ಗಾಡಿ ಹತ್ತಿ ಹೋದರು. ಆ ತಮಾಷೆಯ ಬೆಲೆ ತೆರಬೇಕಾಗಿ ಬಂದದ್ದು ನನಗೆ.

ಲೋವರ್ ಸೆಕೆಂಡರಿ ಪರೀಕ್ಷೆಯಲ್ಲಿ ನಾನು ಪಾಸಾದೆ. ಮೈಸೂರಿನ ಹೈಸ್ಕೂಲಿಗೆ ಸೇರಬೇಕಾದರೆ, ಬಡ ಹುಡುಗರಿಗೆ ಊಟ ಹಾಕುವ ಅಲ್ಲಿನ ಹಾಸ್ಟೆಲಿನಲ್ಲಿ ಜಾಗ ಸಿಗಬೇಕಾದರೆ, ಸ್ಕೂಲು ಬಿಟ್ಟ ಸರ್ಟಿಫಿಕೇಟು ಬೇಕು. ಅದರಲ್ಲಿ ನಡತೆ ತೃಪ್ತಿಕರ ಎಂದು ಹೆಡ್‌ಮಾಸ್ತರರು ಬರೆದಿರಬೇಕು, ಕಮಿಟಿಯವರೊಬ್ಬರ ರುಜು ಇರಬೇಕು. ಕಮಿಟಿಯಲ್ಲಿ ರುಜು ಹಾಕುತ್ತಿದ್ದವರು ಅವಧಾನಿಗಳು. ಸೇರುವುದಕ್ಕೆ ಉಳಿದದ್ದು ಒಂದು ವಾರ. ಸುಬ್ಬರಾಯರು ನನ್ನನ್ನು ಕರೆದು, ನಿನ್ನ ಮನೆಯವರು ಸೈನ್ಸಿಗೆ ಅವಮಾನ ಮಾಡಿದ್ದಾರೆ, ನೀನು ಮನೆಯಲ್ಲಿ ಕೂತು ದುಂಡಗೆ ಬರೆದು ತಾ, ಆಮೇಲೆ ನೋಡೋಣ ಎಂದು ಏನು ಬರೆಯಬೇಕೆಂದು ಹೇಳಿದರು. ಅಲ್ಲಿಂದ ಅವಧಾನಿಗಳ ಮನೆಗೆ ಹೋದೆ. ಅವರು ದನದ ಕೊಟ್ಟಿಗೆಯ ಬಳಿ ನಿಲ್ಲಿಸಿಕೊಂಡು, ನಿನ್ನ ಮನೆಯವರು ದೈವಕ್ಕೆ ಅಪಚಾರ ಮಾಡಿದ್ದಾರೆ, ನೀನು ಬರೆದು ತಾ ಎಂದು ತಮ್ಮದನ್ನು ಹೇಳಿದರು. ಹೊರಡುವಾಗ "ಹೇಗೂ ನೀನು ಅಲ್ಲಿ ನಿಲ್ಲುವುದಿಲ್ಲ ಬಿಡು, ಮೂರು ತಿಂಗಳಿಗೆ ತಿಗರಿಗೇ ಬರುತ್ತೀಯ" ಎಂದರು. ಸುಬ್ಬರಾಯರೂ ಅದನ್ನೇ ಹೇಳಿದ್ದರು.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. "ಬರ್ಕೊಟ್ಟು ತಕಬಾ, ನಮ್ಗ್ಯಾಕೆ" ಎಂದ ಅವನು, ತಿಗರಿಯಿಂದ ತಲೆ ಎತ್ತದೆ. ನಾನು ಹಗಲು ಬೆಳಕಿನಲ್ಲೇ ಬಾಗಿಲ ಬಳಿ ಕೂತು ಬರೆದೆ. ಮೊದಲನೆಯ ಕಾಗದದಲ್ಲಿ, ಜಗತ್ತನ್ನು ಯಾರೂ ಸೃಷ್ಟಿಸಲಿಲ್ಲ, ದೇವರೆಂಬುದು ತಿಳಿಯದವರ ಕಲ್ಪನೆ, ಇದು ಸೈನ್ಸಿನಲ್ಲಿ ಸಿದ್ಧವಾಗಿದೆ. ಎರಡನೆಯದರಲ್ಲಿ, ಮಡಕೆಗೆ ಕುಂಬಾರನಿರುವಂತೆ ಜಗತ್ತಿಗೆ ಈಶ್ವರನಿದ್ದಾನೆ, ಇದರಲ್ಲಿ ಸಂದೇಹಪಡುವವನು ಪಾಪಿ. ಎರಡರಲ್ಲೂ ಒಂದು ವಾಕ್ಯ ಮಾತ್ರ ಒಂದೇ ಆಗಿತ್ತು. ನನ್ನ ತಂದೆಯೂ ಅತ್ತೆಯೂ ಸಭೆಯಲ್ಲಿ ಆಡಿದ್ದು ಅಕ್ಷರ ಬಾರದ ಮೂಢರ ಮಾತು, ಅದಕ್ಕಾಗಿ ನಾನು ನಾಚುತ್ತೇನೆ. ಇಬ್ಬರೂ ಒಬ್ಬರಿಗೊಬ್ಬರು ತಿಳಿಯದೆ ಅದೊಂದನ್ನು ಬರೆಸಿದ್ದರು. ನನ್ನ ಅಕ್ಷರ ಚೆನ್ನಾಗಿತ್ತು. ಮಸಿ ಎಲ್ಲೂ ಚೆಲ್ಲಲಿಲ್ಲ. ಒಂದೇ ಲೇಖನಿ, ಒಂದೇ ಮಸಿ, ಒಂದು ಗಳಿಗೆಯ ಅಂತರ. ಬರೆದು ಮುಗಿಸಿದಾಗ ನನ್ನೊಳಗೆ ಇದ್ದದ್ದು ಸಂಕಟವಲ್ಲ, ಮೈಸೂರು. ಆ ದೊಡ್ಡವರ ಬಗ್ಗೆ ಈ ತನಕ ಬರೆದ ಬಿರುಸು ಮಾತುಗಳನ್ನೆಲ್ಲ ಓದುಗರು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಅತ್ತೆ ತಳ ತಟ್ಟುತ್ತಲೇ ಕೇಳಿದಳು.

"ಏನ್ ಬರ್ದೆ? ಒಸಿ ಓದು, ಕೇಳಾವ."

ಓದಿದೆ. ಎರಡನ್ನೂ ಓದಿದೆ. ಆ ವಾಕ್ಯ ಬಂದ ಕಡೆ ಎರಡು ಸಲವೂ ಅದನ್ನು ಹಾರಿಸಿ ಮುಂದಿನದಕ್ಕೆ ಹೋದೆ. ಅವಳು ಹಲಗೆ ಕೆಳಗಿಟ್ಟು ಕೈ ಒರೆಸಿಕೊಂಡಳು.

"ಒಂದ್ರಲ್ಲಿ ದೇವ್ರಿಲ್ಲ, ಒಂದ್ರಲ್ಲಿ ಅವ್ನೆ. ಒಂದೇ ಕಾಗ್ದಕ್ಕೆ ಎರಡು ಸುಳ್ಳಾ? ಇಲ್ಲಿ ಕೊಡು ಅವುನ್ನ. ನಾಳೀಕೆ ನಾನೇ ಬತ್ತೀನಿ ಇಸ್ಕೂಲ್ಗೆ. ಎಲ್ರ ಮುಂದೂ ಓದುಸ್ತೀನಿ."

ಬೇಡ ಅತ್ತೆ ಎಂದೆ. ಮಾರನೆಯ ದಿನ ಸ್ಕೂಲು ಕಮಿಟಿಯ ಸಭೆ ಎಂದು ಊರಿಗೆಲ್ಲ ಗೊತ್ತಿತ್ತು. ನಾನು ದಾರಿಯುದ್ದಕ್ಕೂ ಅವಳ ಹಿಂದೆ ನಾಲ್ಕು ಮಾರು ದೂರದಲ್ಲಿ ನಡೆದೆ. ನಾನು ಓದದೆ ಬಿಟ್ಟ ಒಂದು ವಾಕ್ಯ ಅದರಲ್ಲಿದೆ ಎಂದು ಎರಡು ಮೈಲಿಯಲ್ಲಿ ಒಂದು ಸಲವಾದರೂ ಕೂಗಿ ಹೇಳಬಹುದಿತ್ತು.

ಪಡಸಾಲೆಯಲ್ಲಿ ಸುಬ್ಬರಾಯರು, ಅವಧಾನಿಗಳು, ಕಮಿಟಿಯ ಮುಖ್ಯಸ್ಥರಾದ ಆ ಊರ ಪಟೇಲರು, ಇನ್ನು ನಾಲ್ಕೈದು ಜನ ಒಕ್ಕಲು ಮಕ್ಕಳು ಕೂತಿದ್ದರು. ಅತ್ತೆ ಮೆಟ್ಟಿಲ ಕೆಳಗೆ ನಿಂತು ಕಾಗದಗಳನ್ನು ಪಟೇಲರ ಕಡೆಗೆ ಚಾಚಿದಳು.

"ಬುದ್ಧಿ, ನಮ್ ಹೈದ ಬರ್ದವ್ನೆ. ಇಬ್ರು ಯಜಮಾನ್ರು ಬರ್ಸವ್ರೆ, ಸರ್ಟಿಪಿಕೀಟು ಕೊಡಕ್ಕೆ. ನಂಗೆ ಓದಕ್ಕೆ ಬರಕಿಲ್ಲ. ಎಲ್ರೂ ಕೇಳಂಗೆ ಒಸಿ ಓದ್ಬುಡಿ."

ಪಟೇಲರು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದತೊಡಗಿದರು. ದೇವರೆಂಬುದು ತಿಳಿಯದವರ ಕಲ್ಪನೆ ಎಂಬಲ್ಲಿಗೆ ಬರುವಾಗ ಅವರ ದನಿ ಇಳಿಯಿತು. ಆಮೇಲೆ ಆ ವಾಕ್ಯ ಬಂತು. ಅದನ್ನೂ ಓದಿದರು. ನಾನು ಅತ್ತೆಯ ಬೆನ್ನನ್ನು ಮಾತ್ರ ನೋಡುತ್ತಿದ್ದೆ. ಬೆನ್ನು ಅಲ್ಲಾಡಲಿಲ್ಲ.

"ಇದು ಮಹಾರಾಜ್ರ ಇಸ್ಕೂಲು ಕಣ್ರೀ ಮೇಷ್ಟ್ರೇ," ಎಂದರು ಪಟೇಲರು. "ಹುಡುಗ್ರ ಕೈಲಿ ದೇವ್ರಿಲ್ಲ ಅಂತ ಬರ್ಸಿದ್ರೆ ನಾಳೆ ಮೇಲಿನೋರು ನನ್ನ ಕೇಳ್ತಾರೆ."

ಬ್ರಹ್ಮಾಂಡವನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದ ಸುಬ್ಬರಾಯರ ಮುಖ ಬೂದಿಯಾಯಿತು. "ನಾನು ಬರೆಸಲಿಲ್ಲ. ಹುಡುಗನ ಕಿತಾಪತಿ. ನಾನು ದಿನಾ ಸಂಧ್ಯಾವಂದನೆ ಮಾಡುವವನು" ಎಂದು ಎದ್ದು, ಆ ಕಾಗದವನ್ನು ಪಟೇಲರ ಕೈಯಿಂದ ಕಿತ್ತುಕೊಂಡು ನಾಲ್ಕು ಚೂರು ಮಾಡಿದರು. ಮೂರು ವರ್ಷ ನನಗೆ ಏಟು ಹಾಕಿ ಕಲಿಸಿದ ಸತ್ಯವನ್ನು ಕೆಲಸ ಹೋದೀತೆಂಬ ಹೆದರಿಕೆಗೆ ಅವರು ಹಾಗೆ ಹರಿದದ್ದನ್ನು ಕಂಡಾಗ ಆದ ಹೇಸಿಗೆ ಇವತ್ತಿಗೂ ಹೋಗಿಲ್ಲ. ನಂಬಿದ್ದಕ್ಕಾಗಿ ನಿಂತಿದ್ದರೆ ನಾನು ಆ ಮನುಷ್ಯನ ಕಾಲಿಗೆ ಬೀಳುತ್ತಿದ್ದೆ. ಅವಧಾನಿಗಳು ತುಟಿಯಂಚಿನಲ್ಲೇ ನಗುತ್ತಿದ್ದರು. ಪಟೇಲರು ಎರಡನೆಯದನ್ನು ಓದಿದ ಮೇಲೆ ಆ ನಗುವೂ ಒಣಗಿತು.

"ಏನ್ ಸ್ವಾಮಿ ಇದು? ಸರ್ಕಾರಿ ಕಾಗ್ದಕ್ಕೆ ರುಜು ಹಾಕ್ಬೇಕಾದ್ರೆ ಹೆತ್ತೋರ್ನ ಬೈದು ಬರ್ಕೊಡ್ಬೇಕು ಅಂತ ಯಾವ ಸರ್ಕ್ಯುಲರ್ ಬಂದದೆ?"

"ಹುಡುಗನ ಶ್ರೇಯಸ್ಸಿಗೇ ಹೇಳಿದ್ದು," ಎಂದರು ಅವಧಾನಿಗಳು. "ಏನೇ ಇರಲಿ, ಆಸ್ತಿಕ ಹುಡುಗ. ಕೊಟ್ಟುಬಿಡೋಣ ರಾಯರೇ."

"ಕೊಡೋಣ, ಕೊಡೋಣ," ಎಂದರು ಸುಬ್ಬರಾಯರು. ಆ ಇಬ್ಬರು ನನ್ನೆದುರು ಎರಡನೆಯ ಸಲ ಒಪ್ಪಿದ್ದು ಅದು. ತಮ್ಮ ತಮ್ಮ ಚರ್ಮ ಉಳಿಸಿಕೊಳ್ಳಬೇಕಾದಾಗ ಸೃಷ್ಟಿಗೆ ಕರ್ತೃ ಇದ್ದಾನೋ ಇಲ್ಲವೋ ಎಂಬುದು ಇಬ್ಬರಿಗೂ ನೆನಪಾಗಲಿಲ್ಲ. ಸುಬ್ಬರಾಯರು ನಡತೆಯ ಕಡೆ ತೃಪ್ತಿಕರ ಎಂದು ಬರೆದರು. ಅವಧಾನಿಗಳು ರುಜು ಹಾಕಿದರು. ಕೈಗೆ ಕೈ ತಾಕಬಾರದೆಂದು ಮೇಲಿನ ಮೆಟ್ಟಿಲಿನಿಂದಲೇ ಬಿಟ್ಟರು. ಕಾಗದ ಗಾಳಿಯಲ್ಲಿ ತೇಲಿ ಅತ್ತೆಯ ಕಾಲ ಬಳಿ ಬಿತ್ತು. ಅವಳು ಬಗ್ಗಿ ಎತ್ತಿಕೊಂಡು, ಸೆರಗಿನಿಂದ ಧೂಳು ಒರೆಸಿ, ಪಟೇಲರಿಗೆ ಕೈ ಮುಗಿದು ಹೊರಟಳು.

ಊರಾಚೆಯ ಹೊಂಗೆ ಮರದ ತನಕ ಅವಳು ಮುಂದೆ ನಡೆದಳು. ಅಲ್ಲಿ ನಿಂತು ಹಿಂದಕ್ಕೆ ತಿರುಗಿದಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ನಾನು ಕೆನ್ನೆ ಗಟ್ಟಿ ಮಾಡಿಕೊಂಡೆ. ಅವಳು ಸರ್ಟಿಫಿಕೇಟನ್ನು ನನ್ನ ಎರಡು ಕೈಯೊಳಗೆ ಇಟ್ಟಳು. ದನಿಯಲ್ಲಿ ಕೋಪವಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳುವವಳ ಹಾಗೆ ಕೇಳಿದಳು.

"ತಕ, ಓಗು, ಓದು. ಒಂದ್ ಹೇಳ್ಬುಟ್ಟು ಓಗು ಮಗ. ನನ್ ಮುಂದೆ ಓದುವಾಗ ಆ ಮಾತ ಬುಟ್ಟು ಓದ್ದೆ. ಬರೀವಾಗ ಯಾಕ್ಲಾ ಬುಡ್ನಿಲ್ಲ?"